ಕಿಣ್ವ ಯಾವುದೆಂದು ತಿಳಿಯದೆ ಕೊಡುವ ಆ್ಯಂಟಿಬಯೋಟಿಕ್ ಜೋಡಿ

ಚೆನ್ನೈನ ಆರ್ಕಿಡ್ ಫಾರ್ಮಾದಲ್ಲಿ ಕಂಡುಹಿಡಿದ ಎನ್‌ಮೆಟಾಜೋಬ್ಯಾಕ್ಟಮ್ ಎಂಬ ಅಣುವನ್ನು ಸೆಫೆಪೈಮ್ ಎಂಬ ಹಳೆಯ ಆ್ಯಂಟಿಬಯೋಟಿಕ್ ಜೊತೆ ಸೇರಿಸಿ ತಯಾರಿಸಿದ ಚುಚ್ಚುಮದ್ದಿಗೆ 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮುಂಬೈನ ವೊಕ್‌ಹಾರ್ಟ್ ಕಂಪನಿ ಅದೇ ಸೆಫೆಪೈಮ್‌ಗೆ ಜಿಡೆಬ್ಯಾಕ್ಟಮ್ ಎಂಬ ತನ್ನದೇ ಅಣುವನ್ನು ಜೋಡಿಸಿ 2025ರಲ್ಲಿ ಅಲ್ಲಿಗೇ ಅರ್ಜಿ ಹಾಕಿತು. ಸೂಪರ್‌ಬಗ್‌ಗಳಿಗೆ, ಅಂದರೆ ಹೆಚ್ಚಿನ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಗೆ, ಭಾರತದಲ್ಲೇ ಮದ್ದು ಸಿಕ್ಕಿತು ಎಂಬ ಸುದ್ದಿಗಳು ಇವುಗಳ ಬೆನ್ನಿಗೇ ಬಂದವು. ಇದೇ ಅವಧಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಪ್ರಕಟಿಸಿದ ವಾರ್ಷಿಕ ವರದಿ ಬೇರೆಯದೇ ಸ್ಥಿತಿಯನ್ನು ತೋರಿಸಿತು. ದೇಶದ ದೊಡ್ಡ ಆಸ್ಪತ್ರೆಗಳಿಂದ ಸಂಗ್ರಹಿಸಿದ ಮಾದರಿಗಳಲ್ಲಿ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಎಂಬ ಔಷಧ ಜೋಡಿಗೆ ಮಣಿಯುವ ಇ. ಕೊಲೈ ಬ್ಯಾಕ್ಟೀರಿಯಾದ ಪ್ರಮಾಣ 2017ರಲ್ಲಿ ಶೇ 56.8ರಷ್ಟಿದ್ದದ್ದು 2023ರಲ್ಲಿ ಶೇ 42.4ಕ್ಕೆ ಇಳಿದಿತ್ತು. ಇಮಿಪೆನೆಮ್ ಎಂಬ ಪ್ರಬಲ ಔಷಧಕ್ಕೆ ಮಣಿಯುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಪ್ರಮಾಣ ಅದೇ ಅವಧಿಯಲ್ಲಿ ಶೇ 58.5ರಿಂದ ಶೇ 35.6ಕ್ಕೆ ಕುಸಿದಿತ್ತು.

ಒಂದು ಜೋಡಿ ಔಷಧ ಸೋಲುತ್ತಿದೆ ಎಂಬ ವರದಿಯನ್ನೂ ಅದೇ ಬಗೆಯ ಇನ್ನೊಂದು ಜೋಡಿ ಗೆದ್ದಿದೆ ಎಂಬ ಸುದ್ದಿಯನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಎರಡೂ ನಿಜ. ಈ ಔಷಧಗಳ ಗೆಲುವು ಮತ್ತು ಸೋಲು ಮುಖ್ಯವಾಗಿ ನಿಂತಿರುವುದು ರೋಗಿಯ ದೇಹದಲ್ಲಿರುವ ಬ್ಯಾಕ್ಟೀರಿಯಾ ಯಾವ ಕಿಣ್ವವನ್ನು ತಯಾರಿಸುತ್ತಿದೆ ಎಂಬ ಸಂಗತಿಯ ಮೇಲೆ. ನಮ್ಮ ಬಹುಪಾಲು ಚಿಕಿತ್ಸೆ ನಡೆಯುವುದು ಆ ಸಂಗತಿಯನ್ನು ತಿಳಿಯದೆಯೇ.

ಉಂಗುರ ಮತ್ತು ಅದನ್ನು ಒಡೆಯುವ ಕಿಣ್ವ

ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸೈಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್ ಇವೆಲ್ಲ ಬೀಟಾ-ಲ್ಯಾಕ್ಟಮ್ ಎಂಬ ಒಂದೇ ಕುಟುಂಬದವು. ನಾಲ್ಕು ಪರಮಾಣುಗಳು ಸೇರಿ ಆದ ಪುಟ್ಟ ಉಂಗುರವೊಂದು ಈ ಎಲ್ಲ ಔಷಧಗಳ ರಚನೆಯಲ್ಲಿದೆ. ಬ್ಯಾಕ್ಟೀರಿಯಾ ತನ್ನ ಹೊರಗೋಡೆಯನ್ನು ಕಟ್ಟಿಕೊಳ್ಳಲು ಬಳಸುವ ಪ್ರೋಟೀನ್‌ಗಳಿಗೆ ಈ ಉಂಗುರ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಗೋಡೆ ಸಡಿಲವಾದ ಜೀವಕೋಶ ಒಳಗಿನ ಒತ್ತಡವನ್ನು ತಾಳಲಾರದೆ ಒಡೆದುಹೋಗುತ್ತದೆ. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲದಿರುವುದರಿಂದ ಈ ಔಷಧಗಳು ನಮಗೆ ಬಹುಮಟ್ಟಿಗೆ ಸುರಕ್ಷಿತ.

ಬ್ಯಾಕ್ಟೀರಿಯಾದ ಪ್ರತ್ಯುತ್ತರವೆಂದರೆ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ. ಅದು ನೀರಿನ ಅಣುವೊಂದನ್ನು ಬಳಸಿ ಆ ಉಂಗುರವನ್ನು ಬಿಡಿಸಿಬಿಡುತ್ತದೆ. ಉಂಗುರ ಬಿಚ್ಚಿದ ಔಷಧಕ್ಕೆ ಗೋಡೆಯ ಪ್ರೋಟೀನ್‌ಗೆ ಅಂಟುವ ಶಕ್ತಿ ಇರುವುದಿಲ್ಲ. ಕಿಣ್ವ ಮಾತ್ರ ಸವೆಯುವುದಿಲ್ಲ. ಒಂದು ಉಂಗುರವನ್ನು ಒಡೆದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಈ ಕಾರಣದಿಂದಲೇ ಔಷಧದ ಪ್ರಮಾಣವನ್ನು ಹೆಚ್ಚಿಸಿದ ಮಾತ್ರಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಪ್ರಯೋಜನವಾಗುವುದಿಲ್ಲ. ಪೆನಿಸಿಲಿನ್ನನ್ನು ನಾಶಮಾಡುವ ಇಂಥ ಕಿಣ್ವವನ್ನು ಆಕ್ಸ್‌ಫರ್ಡ್‌ನ ಅಬ್ರಹಾಂ ಮತ್ತು ಚೇನ್ 1940ರಲ್ಲೇ ವರದಿ ಮಾಡಿದ್ದರು. ಆಗಿನ್ನೂ ಪೆನಿಸಿಲಿನ್ ಜನಬಳಕೆಗೇ ಬಂದಿರಲಿಲ್ಲ. ಔಷಧದ ದುರ್ಬಳಕೆ ಈ ಕಿಣ್ವಗಳನ್ನು ಸೃಷ್ಟಿಸಲಿಲ್ಲ. ಮೊದಲೇ ಇದ್ದ ಕಿಣ್ವಗಳಿಗೆ ಹರಡಲು ಅದು ದಾರಿ ಮಾಡಿಕೊಟ್ಟಿತು. ಕಿಣ್ವದ ವಂಶವಾಹಿ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ತುಣುಕಿನ ಮೇಲೆ ಕುಳಿತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಬಲ್ಲದು.

625 ಮಾತ್ರೆಯೊಳಗೆ ಏನಿದೆ

ಕಿಣ್ವವನ್ನು ತಡೆಯುವ ಅಣುವನ್ನು ಆ್ಯಂಟಿಬಯೋಟಿಕ್ ಜೊತೆಗೇ ಕಳಿಸಿದರೆ ಹೇಗೆ ಎಂಬ ಆಲೋಚನೆಯಿಂದ 1970ರ ದಶಕದಲ್ಲಿ ಸಿಕ್ಕಿದ್ದು ಕ್ಲಾವುಲಾನಿಕ್ ಆ್ಯಸಿಡ್. ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಅದನ್ನು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದರು. ಈ ಅಣುವಿನಲ್ಲೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ, ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಸ್ವಂತ ಶಕ್ತಿ ಅತ್ಯಲ್ಪ. ಕಿಣ್ವ ಇದನ್ನು ಒಡೆಯಲು ಹೋಗಿ ಇದಕ್ಕೇ ಶಾಶ್ವತವಾಗಿ ಸಿಲುಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. ಮೆಡಿಕಲ್ ಶಾಪ್‌ಗಳಲ್ಲಿ '625' ಎಂದಷ್ಟೇ ಕೇಳಿ ಪಡೆಯುವ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆ್ಯಸಿಡ್ 125 ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. 625 ಎಂಬುದು ಆ ಎರಡರ ಮೊತ್ತ.

ಈ ಜೋಡಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಗಂಟಲುನೋವಿನ ಉದಾಹರಣೆಯಿಂದ ತಿಳಿಯಬಹುದು. ಬ್ಯಾಕ್ಟೀರಿಯಾದಿಂದ ಬರುವ ಗಂಟಲುನೋವಿಗೆ ಮುಖ್ಯ ಕಾರಣವಾದ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನೇ ತಯಾರಿಸುವುದಿಲ್ಲ. ಎಂಟು ದಶಕಗಳ ಬಳಕೆಯ ನಂತರವೂ ಅದು ಪೆನಿಸಿಲಿನ್‌ಗೆ ಮಣಿಯುತ್ತದೆ. ಅಂದಮೇಲೆ ಅಲ್ಲಿ ಬರಿಯ ಅಮಾಕ್ಸಿಸಿಲಿನ್ ಸಾಕು. ತಡೆಯಲು ಕಿಣ್ವವೇ ಇಲ್ಲದ ಕಡೆ ಕ್ಲಾವುಲಾನಿಕ್ ಆ್ಯಸಿಡ್‌ಗೆ ಮಾಡಲು ಕೆಲಸವಿಲ್ಲ. ಅದು ರೋಗಿಗೆ ಕೊಡುವುದು ಭೇದಿಯನ್ನು, ಅಪರೂಪಕ್ಕೆ ಯಕೃತ್ತಿನ ತೊಂದರೆಯನ್ನು. ಗಂಟಲುನೋವಿಗೆ ವೈರಸ್ ಕಾರಣವಾಗಿದ್ದರಂತೂ, ಹೆಚ್ಚಿನ ಸಲ ಆಗುವುದು ಹಾಗೆಯೇ, ಮಾತ್ರೆಯ ಎರಡು ಭಾಗಗಳೂ ವ್ಯರ್ಥ. ಕರುಳಿನಲ್ಲಿ ನಿರಪಾಯವಾಗಿದ್ದ ಇ. ಕೊಲೈಗಳಲ್ಲಿ ಇಂಥ ಜೋಡಿಗೂ ಜಗ್ಗದವು ಮಾತ್ರ ಉಳಿದು ಬೆಳೆಯುವುದು ಇಂಥ ಪ್ರತಿ ಅನಗತ್ಯ ಬಳಕೆಯ ಫಲ.

ಕಿಣ್ವಗಳ ನಾಲ್ಕು ವರ್ಗ, ಭಾರತದ ಪಾಲಿಗೆ ಬಂದದ್ದು

ಬೀಟಾ-ಲ್ಯಾಕ್ಟಮೇಸ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಎ, ಸಿ, ಡಿ ವರ್ಗದವು ಸೆರಿನ್ ಎಂಬ ಅಮೈನೋ ಆಮ್ಲದ ನೆರವಿನಿಂದ ಉಂಗುರವನ್ನು ಒಡೆಯುತ್ತವೆ. ಬಿ ವರ್ಗದವು ಸತುವಿನ ಅಯಾನುಗಳನ್ನು ಬಳಸುತ್ತವೆ. ಈ ವ್ಯತ್ಯಾಸ ಕೇವಲ ರಸಾಯನಶಾಸ್ತ್ರದ ಸೂಕ್ಷ್ಮವಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ಕ್ಲಾವುಲಾನಿಕ್ ಆ್ಯಸಿಡ್, ಸಲ್ಬ್ಯಾಕ್ಟಮ್, ಟಾಜೋಬ್ಯಾಕ್ಟಮ್, ಅವಿಬ್ಯಾಕ್ಟಮ್ ಇವೆಲ್ಲ ಅಂಟಿಕೊಳ್ಳುವುದು ಆ ಸೆರಿನ್‌ಗೆ. ಸೆರಿನ್ ಬದಲು ಸತುವಿನಿಂದ ಕೆಲಸ ಮಾಡುವ ಕಿಣ್ವದ ಮುಂದೆ ಅವು ಅಸಹಾಯಕ.

ಭಾರತದಲ್ಲಿ ಅತಿ ಹೆಚ್ಚು ತೊಂದರೆ ಕೊಡುತ್ತಿರುವುದು ಮೂರು ಕಿಣ್ವಗಳು. ಒಂದು, ಎ ವರ್ಗದ ಸಿಟಿಎಕ್ಸ್-ಎಂ-15. ಇದು ಮೊದಲು ವರದಿಯಾದದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಮಾದರಿಗಳಿಂದ. ಸೆಫ್ಟ್ರಿಯಾಕ್ಸೋನ್‌ನಂಥ ಮೂರನೆಯ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡುವ ಈ ಕಿಣ್ವ ಈಗ ಜಗತ್ತಿನಾದ್ಯಂತ ಹಬ್ಬಿದೆ. ಎರಡು, ಬಿ ವರ್ಗದ ಎನ್‌ಡಿಎಂ, ಅಂದರೆ ನ್ಯೂ ಡೆಲ್ಲಿ ಮೆಟಾಲೊ-ಬೀಟಾ-ಲ್ಯಾಕ್ಟಮೇಸ್. 2008ರಲ್ಲಿ ಸ್ವೀಡನ್‌ನಲ್ಲಿ ಚಿಕಿತ್ಸೆ ಪಡೆದ, ಅದಕ್ಕೆ ಮೊದಲು ದೆಹಲಿಯ ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬರಲ್ಲಿ ಇದು ಪತ್ತೆಯಾಯಿತು. ಹೆಸರಿನಲ್ಲಿ ನವದೆಹಲಿ ಸೇರಿದ್ದಕ್ಕೆ 2010ರಲ್ಲಿ ಇಲ್ಲಿ ಭಾರಿ ಆಕ್ಷೇಪ ಎದ್ದಿತು. ಆ ಜಗಳದ ಗದ್ದಲದಲ್ಲಿ, ದೆಹಲಿಯ ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಮತ್ತು ರಸ್ತೆಬದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಇದೇ ವಂಶವಾಹಿ ಸಿಕ್ಕಿದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ ಎಂಬುದು ಈ ವಿಷಯದ ಬಗ್ಗೆ ಕಾಳಜಿ ಇರುವ ಯಾರನ್ನೂ ನೋಯಿಸಬೇಕು. ಮೂರನೆಯದು ಡಿ ವರ್ಗದ ಒಎಕ್ಸ್‌ಎ-48 ಬಳಗ.

ಅಮೆರಿಕದ ಆಸ್ಪತ್ರೆಗಳನ್ನು ಬಹುಕಾಲ ಕಾಡಿದ ಕಿಣ್ವ ಕೆಪಿಸಿ. ಅದು ಎ ವರ್ಗದ್ದು. 2017ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೆರೋಪೆನೆಮ್-ವಾಬೋರ್‌ಬ್ಯಾಕ್ಟಮ್ ಕೆಪಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಎನ್‌ಡಿಎಂ ಮೇಲೂ ಒಎಕ್ಸ್‌ಎ-48 ಮೇಲೂ ಅದರ ಆಟ ನಡೆಯುವುದಿಲ್ಲ. 2019ರ ಇಮಿಪೆನೆಮ್-ರೆಲೆಬ್ಯಾಕ್ಟಮ್ ಸ್ಥಿತಿಯೂ ಅದೇ. ಆದ್ದರಿಂದ ಅಮೆರಿಕದಲ್ಲಿ ಗೆದ್ದ ಔಷಧ ಇಲ್ಲಿಯೂ ಗೆಲ್ಲುತ್ತದೆ ಎಂದು ಹೇಳುವ ಸುದ್ದಿಯನ್ನು ಓದುವಾಗ ಅದು ಯಾವ ಕಿಣ್ವದ ವಿರುದ್ಧ ಗೆದ್ದಿತು ಎಂದು ಮೊದಲು ಕೇಳಬೇಕು.

ಎನ್‌ಡಿಎಂಗೆ ಹುಡುಕಿದ ಬಳಸುದಾರಿ

ಎನ್‌ಡಿಎಂ ಬಹುತೇಕ ಎಲ್ಲ ಬೀಟಾ-ಲ್ಯಾಕ್ಟಮ್‌ಗಳನ್ನು ಒಡೆಯುತ್ತದೆ, ಆಜ್‌ಟ್ರಿಯೋನಾಮ್ ಎಂಬ ಹಳೆಯ ಔಷಧವೊಂದನ್ನು ಬಿಟ್ಟು. ಹಾಗಿದ್ದರೆ ಆಜ್‌ಟ್ರಿಯೋನಾಮ್ ಕೊಟ್ಟರೆ ಸಾಕಲ್ಲವೆ ಎನಿಸಬಹುದು. ಎನ್‌ಡಿಎಂ ಒಯ್ಯುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಿಟಿಎಕ್ಸ್-ಎಂ-15ನಂಥ ಕಿಣ್ವಗಳನ್ನೂ ಒಯ್ಯುತ್ತವೆ. ಅವು ಆಜ್‌ಟ್ರಿಯೋನಾಮ್‌ನ ಉಂಗುರವನ್ನು ಒಡೆಯಬಲ್ಲವು. ಅವಿಬ್ಯಾಕ್ಟಮ್ ಎನ್‌ಡಿಎಂ ಅನ್ನು ತಡೆಯಲಾರದಿದ್ದರೂ ಸಿಟಿಎಕ್ಸ್-ಎಂ-15 ಅನ್ನು ತಡೆಯಬಲ್ಲದು. ಎರಡನ್ನೂ ಸೇರಿಸಿದರೆ ಆಜ್‌ಟ್ರಿಯೋನಾಮ್ ತಾನಾಗಿಯೇ ಎನ್‌ಡಿಎಂನಿಂದ ತಪ್ಪಿಸಿಕೊಳ್ಳುತ್ತದೆ, ಉಳಿದ ಕಿಣ್ವಗಳಿಂದ ಅವಿಬ್ಯಾಕ್ಟಮ್ ಅದನ್ನು ಕಾಪಾಡುತ್ತದೆ.

ಈ ಜೋಡಿಯನ್ನು ಒಂದೇ ಬಾಟಲಿಯಲ್ಲಿ ಕೊಡುವ ಔಷಧಕ್ಕೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲಿನಿಂದ ತೀವ್ರ ನಿಗಾ ಘಟಕಗಳ ವೈದ್ಯರು ಅವಿಬ್ಯಾಕ್ಟಮ್‌ಗಾಗಿ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಅನ್ನೂ, ಅದರ ಜೊತೆಗೆ ಆಜ್‌ಟ್ರಿಯೋನಾಮ್ ಅನ್ನೂ ಏಕಕಾಲಕ್ಕೆ ಹನಿಸುವ ಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ. ಇಲ್ಲಿ ಸೆಫ್ಟಾಜಿಡೈಮ್‌ಗೆ ಹೆಚ್ಚಿನ ಪಾತ್ರವಿಲ್ಲ. ಅವಿಬ್ಯಾಕ್ಟಮ್ ಬೇರೆಯಾಗಿ ಸಿಗದ ಕಾರಣಕ್ಕೆ ಅದೂ ರಕ್ತಕ್ಕೆ ಸೇರುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಕೊಡುವುದು ಮುಖ್ಯ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಕೊಟ್ಟರೆ ಆಜ್‌ಟ್ರಿಯೋನಾಮ್ ರಕ್ತದಲ್ಲಿರುವಾಗ ಅದನ್ನು ಕಾಯುವ ಅಣು ಅಲ್ಲಿರುವುದಿಲ್ಲ. ದಾದಿಯ ಪಾಳಿಪಟ್ಟಿಯಲ್ಲಿ ಬರೆದ ಗಂಟೆಯ ಮೇಲೆ ಚಿಕಿತ್ಸೆಯ ಫಲ ನಿಂತಿರುವ ಅಪರೂಪದ ಸಂದರ್ಭ ಇದು.

ಈ ದಾರಿಯೂ ಈಗ ಕಿರಿದಾಗುತ್ತಿದೆ. ಆಜ್‌ಟ್ರಿಯೋನಾಮ್ ಅಂಟಿಕೊಳ್ಳುವುದು ಗೋಡೆ ಕಟ್ಟುವ ಪಿಬಿಪಿ-3 ಎಂಬ ಪ್ರೋಟೀನ್‌ಗೆ. ಭಾರತದಲ್ಲಿ ಸಿಗುವ ಎನ್‌ಡಿಎಂ ಇ. ಕೊಲೈಗಳಲ್ಲಿ ಅನೇಕವು ಆ ಪ್ರೋಟೀನ್‌ನಲ್ಲಿ ನಾಲ್ಕು ಹೆಚ್ಚುವರಿ ಅಮೈನೋ ಆಮ್ಲಗಳನ್ನು ಸೇರಿಸಿಕೊಂಡಿವೆ. ಅದರಿಂದ ಔಷಧದ ಹಿಡಿತ ಸಡಿಲವಾಗುತ್ತದೆ. ಕಿಣ್ವವನ್ನು ಎಷ್ಟೇ ಚೆನ್ನಾಗಿ ತಡೆದರೂ ಗುರಿಯೇ ಬದಲಾದ ಮೇಲೆ ಅದರಿಂದ ಸಿಗುವ ಲಾಭ ಕಡಿಮೆ.

ಎರಡು ಭಾರತೀಯ ಅಣುಗಳ ಸ್ಥಾನ

ಈ ಹಿನ್ನೆಲೆಯಲ್ಲಿ ನೋಡಿದರೆ ಎನ್‌ಮೆಟಾಜೋಬ್ಯಾಕ್ಟಮ್ ಮತ್ತು ಜಿಡೆಬ್ಯಾಕ್ಟಮ್ ಬೇರೆ ಬೇರೆ ಸಮಸ್ಯೆಗಳಿಗೆ ಉತ್ತರ ಎಂಬುದು ಸ್ಪಷ್ಟವಾಗುತ್ತದೆ. ಸುದ್ದಿಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಿದ್ದೇ ಗೊಂದಲಕ್ಕೆ ಮೂಲ. ಎನ್‌ಮೆಟಾಜೋಬ್ಯಾಕ್ಟಮ್ ತಡೆಯುವುದು ಸಿಟಿಎಕ್ಸ್-ಎಂ-15ನಂಥ ಎ ವರ್ಗದ ಕಿಣ್ವಗಳನ್ನು. ಎನ್‌ಡಿಎಂ ವಿರುದ್ಧ ಅದು ಕೆಲಸ ಮಾಡುವುದಿಲ್ಲ. ಹಾಗೆಂದು ಅದರ ಬೆಲೆ ಕಡಿಮೆಯಲ್ಲ. ಸಿಟಿಎಕ್ಸ್-ಎಂ ಇರುವ ಸೋಂಕಿಗೆ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಸಾಕಾಗಬಹುದು ಎಂದು ವೈದ್ಯರು ನಂಬಿದ್ದ ಕಾಲವೊಂದಿತ್ತು. 2018ರಲ್ಲಿ ಪ್ರಕಟವಾದ ಮೆರಿನೊ ಎಂಬ ಬಹುರಾಷ್ಟ್ರೀಯ ಪ್ರಯೋಗದಲ್ಲಿ, ಸೆಫ್ಟ್ರಿಯಾಕ್ಸೋನ್‌ಗೆ ಮಣಿಯದ ರಕ್ತಸೋಂಕಿನ ರೋಗಿಗಳಲ್ಲಿ 30 ದಿನಗಳೊಳಗಿನ ಸಾವು ಆ ಜೋಡಿ ಪಡೆದವರಲ್ಲಿ ಶೇ 12.3, ಮೆರೋಪೆನೆಮ್ ಪಡೆದವರಲ್ಲಿ ಶೇ 3.7 ಇತ್ತು. ಇದರಿಂದ ವೈದ್ಯರು ಮೆರೋಪೆನೆಮ್ ಕಡೆಗೆ ಇನ್ನಷ್ಟು ವಾಲಿದರು. ಮೆರೋಪೆನೆಮ್ ಬಳಕೆ ಏರಿದಷ್ಟೂ ಅದನ್ನು ಒಡೆಯಬಲ್ಲ ಎನ್‌ಡಿಎಂ ಒಯ್ಯುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಈ ಸುಳಿಯಿಂದ ಹೊರಬರಲು ಮೆರೋಪೆನೆಮ್ ಅಲ್ಲದ, ಆದರೆ ನೆಚ್ಚಬಹುದಾದ ಇನ್ನೊಂದು ಔಷಧ ಬೇಕು. ಸೆಫೆಪೈಮ್-ಎನ್‌ಮೆಟಾಜೋಬ್ಯಾಕ್ಟಮ್ ಆ ಜಾಗಕ್ಕೆ ಬಂದ ಔಷಧ. ಮೂತ್ರನಾಳದ ಸಂಕೀರ್ಣ ಸೋಂಕುಗಳ ಪ್ರಯೋಗದಲ್ಲಿ ಅದರ ಯಶಸ್ಸು ಶೇ 79.1, ಪಿಪರಾಸಿಲಿನ್-ಟಾಜೋಬ್ಯಾಕ್ಟಮ್‌ನದು ಶೇ 58.9 ಎಂದು 2022ರಲ್ಲಿ ವರದಿಯಾಯಿತು.

ಜಿಡೆಬ್ಯಾಕ್ಟಮ್‌ನ ಕಾರ್ಯವಿಧಾನ ಇನ್ನೂ ಕುತೂಹಲಕರ. ಅದೂ ಎನ್‌ಡಿಎಂ ಅನ್ನು ತಡೆಯುವುದಿಲ್ಲ. ಆದರೆ ಅದು ಸ್ವತಃ ಪಿಬಿಪಿ-2 ಎಂಬ ಗೋಡೆಯ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಸೆಫೆಪೈಮ್ ಮುಖ್ಯವಾಗಿ ಪಿಬಿಪಿ-3ಕ್ಕೆ ಅಂಟುವುದರಿಂದ ಗೋಡೆಯ ಮೇಲೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಎನ್‌ಡಿಎಂ ಸೆಫೆಪೈಮ್‌ನ ಒಂದಷ್ಟು ಭಾಗವನ್ನು ಒಡೆದರೂ, ಉಳಿದ ಅಲ್ಪ ಪ್ರಮಾಣವೇ ಈಗಾಗಲೇ ದುರ್ಬಲವಾದ ಗೋಡೆಯನ್ನು ಕೆಡವಲು ಸಾಕಾಗುತ್ತದೆ. ಈ ಕಾರಣಕ್ಕೆ ಇದನ್ನು ತಡೆಕಾರಕ ಎನ್ನುವುದಕ್ಕಿಂತ ವರ್ಧಕ ಎನ್ನುವವರಿದ್ದಾರೆ. ಭಾರತದ ಬ್ಯಾಕ್ಟೀರಿಯಾಗಳ ಸ್ವಭಾವವನ್ನು ಗಮನದಲ್ಲಿಟ್ಟು ನೋಡಿದರೆ ಸದ್ಯದ ಸಾಲಿನಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು ಇದೇ.

ಆಸ್ಪತ್ರೆಯ ವೆಂಟಿಲೇಟರ್ ರೋಗಿಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದು ಬೇರೆಯೇ ಕಥೆ. ಅಲ್ಲಿ ಸಲ್ಬ್ಯಾಕ್ಟಮ್ ಸ್ವತಃ ಕೊಲ್ಲುವ ಔಷಧ, 2023ರಲ್ಲಿ ಬಂದ ಡರ್ಲೋಬ್ಯಾಕ್ಟಮ್ ಅದನ್ನು ಕಾಯುವ ಅಣು. ಕೊಲಿಸ್ಟಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್ ಜೊತೆ ಹೋಲಿಸಿದ ಪ್ರಯೋಗದಲ್ಲಿ 28 ದಿನಗಳೊಳಗಿನ ಸಾವು ಕೊಲಿಸ್ಟಿನ್ ಪಡೆದವರಲ್ಲಿ ಶೇ 32, ಈ ಜೋಡಿ ಪಡೆದವರಲ್ಲಿ ಶೇ 19 ಇತ್ತು.

ರಕ್ತದಲ್ಲಿ ಜೊತೆಯಾಗಿ ಉಳಿಯದ ಜೋಡಿಗಳು

ಹೊಸ ಅಣುಗಳ ಸುದ್ದಿಯ ನಡುವೆ ಹಳೆಯ ಅಣುಗಳನ್ನು ಮನಬಂದಂತೆ ಜೋಡಿಸಿ ಮಾರುವ ವ್ಯವಹಾರ ಮರೆಯಾಗುತ್ತದೆ. ಸೆಫ್ಟ್ರಿಯಾಕ್ಸೋನ್-ಸಲ್ಬ್ಯಾಕ್ಟಮ್ ನಮ್ಮ ನರ್ಸಿಂಗ್ ಹೋಮ್‌ಗಳಲ್ಲಿ ಸಾಮಾನ್ಯ ಚುಚ್ಚುಮದ್ದು. ಸೆಫ್ಟ್ರಿಯಾಕ್ಸೋನ್‌ನ ಅರ್ಧದಷ್ಟು ರಕ್ತದಿಂದ ಹೊರಹೋಗಲು ಸುಮಾರು 8 ಗಂಟೆ ಬೇಕು, ಸಲ್ಬ್ಯಾಕ್ಟಮ್‌ಗೆ ಸುಮಾರು 1 ಗಂಟೆ. ದಿನಕ್ಕೆ ಎರಡು ಸಲ ಚುಚ್ಚಿದರೆ ಮೊದಲ ಕೆಲವು ಗಂಟೆಗಳ ನಂತರ ಸೆಫ್ಟ್ರಿಯಾಕ್ಸೋನ್ ಒಂಟಿಯಾಗಿ ಉಳಿಯುತ್ತದೆ, ಕಿಣ್ವಗಳು ಅದನ್ನು ನಿರಾತಂಕವಾಗಿ ಒಡೆಯುತ್ತವೆ. ಹೆಸರಿನಲ್ಲಿ ಇಬ್ಬರಿದ್ದರೂ ರಕ್ತದಲ್ಲಿ ಬಹುಹೊತ್ತು ಒಬ್ಬರೇ.

ಇಂಥ ಜೋಡಿಗಳು ಮಾರುಕಟ್ಟೆಗೆ ಬಂದದ್ದಕ್ಕೆ ಕಾನೂನಿನ ಹಿನ್ನೆಲೆಯಿದೆ. ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಇಲ್ಲದೆಯೇ ರಾಜ್ಯಗಳ ಪರವಾನಗಿ ಅಧಿಕಾರಿಗಳು ಅನೇಕ ಸಂಯೋಜಿತ ಔಷಧಗಳಿಗೆ ತಯಾರಿಕೆಯ ಅನುಮತಿ ಕೊಟ್ಟಿದ್ದರು. ಸಂಸದೀಯ ಸಮಿತಿಯೊಂದು 2012ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸಿ.ಕೆ. ಕೋಕಾಟೆ ಅವರ ನೇತೃತ್ವದ ಸಮಿತಿಯ ಪರಿಶೀಲನೆಯ ಆಧಾರದ ಮೇಲೆ ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ಸಂಯೋಜಿತ ಔಷಧಗಳನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, ಮರುಪರಿಶೀಲನೆಯಾಗಿ, 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಗಳ ನಿಷೇಧ ಜಾರಿಗೆ ಬಂತು. 2024ರಲ್ಲಿ ಇನ್ನೂ 156 ಸೇರಿದವು. ಅತಾರ್ಕಿಕ ಜೋಡಿಗಳ ಮೇಲಿನ ಕ್ರಮ ಒಂದು ಕಡೆಯಿಂದ ನಡೆದಿದೆ, ಆದರೆ ಅದರ ವೇಗ ಬ್ಯಾಕ್ಟೀರಿಯಾಗಳ ವೇಗಕ್ಕೆ ಸಾಟಿಯಲ್ಲ.

ಬೇಗ ಕೊಡಬೇಕೆನ್ನುವವರು, ಕಾದು ಕೊಡಬೇಕೆನ್ನುವವರು

ಹೊಸ ಜೋಡಿಗಳನ್ನು ಯಾರಿಗೆ, ಯಾವಾಗ ಕೊಡಬೇಕು ಎಂಬಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ತೀವ್ರ ನಿಗಾ ಘಟಕದ ವೈದ್ಯರು ಹೇಳುವುದು ಹೀಗೆ: ರಕ್ತಸೋಂಕಿನ ರೋಗಿಗೆ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯ ವರದಿ ಬರಲು ಎರಡು-ಮೂರು ದಿನ ಬೇಕು, ಅಷ್ಟರಲ್ಲಿ ರೋಗಿ ಉಳಿಯದೇ ಹೋಗಬಹುದು. ಅವರ ವಾದಕ್ಕೆ ಅಂಕಿಅಂಶದ ಬಲವಿದೆ. 2025ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 2019ರಲ್ಲಿ ಕಾರ್ಬಪೆನೆಮ್‌ಗೆ, ಅಂದರೆ ಮೆರೋಪೆನೆಮ್, ಇಮಿಪೆನೆಮ್ ಸೇರಿದ ವರ್ಗಕ್ಕೆ, ಮಣಿಯದ ಸುಮಾರು 10 ಲಕ್ಷ ಗ್ರಾಂ-ನೆಗೆಟಿವ್ (ಇ. ಕೊಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳ) ಸೋಂಕುಗಳಲ್ಲಿ ಸೂಕ್ತ ಔಷಧ ಸಿಕ್ಕಿದ್ದು ಶೇ 7.8ಕ್ಕೆ ಮಾತ್ರ. ದುರ್ಬಳಕೆಯ ಚರ್ಚೆಯಲ್ಲಿ ನಾವು ಮರೆಯುವುದು ಇದನ್ನು: ಗಂಟಲುನೋವಿಗೆ ಬೇಡದ ಜೋಡಿ ಸಿಗುವ ದೇಶದಲ್ಲೇ ಸಾವಿನಂಚಿನ ರೋಗಿಗೆ ಬೇಕಾದ ಜೋಡಿ ಸಿಗುವುದಿಲ್ಲ.

ಬಳಕೆಗೆ ಕಡಿವಾಣ ಬೇಕೆನ್ನುವ ಸೂಕ್ಷ್ಮಜೀವಿ ತಜ್ಞರ ವಾದವೂ ಅಷ್ಟೇ ಗಟ್ಟಿ. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಕೊನೆಯ ಅಸ್ತ್ರವಾಗಿ ಕಾದಿಡಬೇಕಾದ 'ಮೀಸಲು' ಗುಂಪಿನಲ್ಲಿಟ್ಟಿದೆ. ಎನ್‌ಡಿಎಂ ಸೋಂಕಿಗೆ ಅದನ್ನು ಒಂಟಿಯಾಗಿ ಕೊಟ್ಟರೆ ರೋಗಿಗೆ ಲಾಭವಿಲ್ಲ, ಉಳಿದ ಬ್ಯಾಕ್ಟೀರಿಯಾಗಳಿಗೆ ಮಾತ್ರ ತರಬೇತಿ ಸಿಗುತ್ತದೆ. ಕೆಪಿಸಿ ಕಿಣ್ವವು ಒಂದೇ ಅಮೈನೋ ಆಮ್ಲವನ್ನು ಬದಲಿಸಿಕೊಂಡು ಈ ಜೋಡಿಯಿಂದ ಪಾರಾದದ್ದು ಬೇರೆ ದೇಶಗಳಲ್ಲಿ ಈಗಾಗಲೇ ದಾಖಲಾಗಿದೆ.

ಈ ಎರಡು ವಾದಗಳ ನಡುವೆ ಸೇತುವೆಯಾಗಬಲ್ಲದ್ದು ಪರೀಕ್ಷೆ. ಕೆಪಿಸಿ, ಎನ್‌ಡಿಎಂ, ಒಎಕ್ಸ್‌ಎ-48 ಮೊದಲಾದ ಐದು ಕಿಣ್ವಗಳ ವಂಶವಾಹಿಗಳನ್ನು ಒಂದು ಗಂಟೆಯೊಳಗೆ ಗುರುತಿಸುವ ಪಿಸಿಆರ್ ಪರೀಕ್ಷೆ ಬಳಕೆಯಲ್ಲಿದೆ. ಕ್ಷಯದ ಪತ್ತೆಗೆಂದು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಬಂದಿರುವ ಜೀನ್‌ಎಕ್ಸ್‌ಪರ್ಟ್ ಬಗೆಯ ಯಂತ್ರದಲ್ಲೇ, ಬೇರೆ ಕಾರ್ಟ್ರಿಡ್ಜ್ ಹಾಕಿ, ಅದನ್ನು ನಡೆಸಬಹುದು. ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಕಾಲು ಗಂಟೆಯಲ್ಲಿ ಉತ್ತರ ಕೊಡುವ, ಗರ್ಭಧಾರಣೆ ಪರೀಕ್ಷೆಯ ಪಟ್ಟಿಯನ್ನು ಹೋಲುವ ಕಿಟ್‌ಗಳೂ ಇವೆ. ತಂತ್ರಜ್ಞಾನ ಇದೆ, ಹಣದ ಹೊಂದಾಣಿಕೆ ಆಗಿಲ್ಲ. ಔಷಧದ ಒಂದು ದಿನದ ಖರ್ಚಿಗೆ ತಕರಾರು ಮಾಡದ ವ್ಯವಸ್ಥೆ ಪರೀಕ್ಷೆಯ ಖರ್ಚಿಗೆ ಹಿಂಜರಿಯುವುದು ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಅತಿ ದೊಡ್ಡ ಲೋಪ.

ಮುಂದೆ ಏನಾಗಬಹುದು

ಕಂಪನಿಯ ಆದಾಯ ಮಾರಾಟವಾದ ಬಾಟಲಿಗಳ ಸಂಖ್ಯೆಯನ್ನು ಅವಲಂಬಿಸಿರುವವರೆಗೆ ಹೊಸ ಔಷಧವನ್ನು ಮಿತವಾಗಿ ಬಳಸಿ ಎಂಬ ಸಲಹೆ ತಯಾರಕರ ಹಿತಕ್ಕೆ ವಿರುದ್ಧವಾಗಿಯೇ ಇರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2022ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿತು. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಮತ್ತು ಸೆಫಿಡೆರೋಕಾಲ್ ಎಂಬ ಎರಡು ಔಷಧಗಳಿಗೆ, ಎಷ್ಟು ರೋಗಿಗಳಿಗೆ ಬಳಸಿದರೂ, ತಲಾ ವರ್ಷಕ್ಕೆ 1 ಕೋಟಿ ಪೌಂಡ್‌ವರೆಗೆ ನಿಗದಿತ ಮೊತ್ತ ಕೊಡುವ ಒಪ್ಪಂದ ಮಾಡಿಕೊಂಡಿತು. ಬಹುಪಾಲು ಔಷಧವನ್ನು ರೋಗಿಯೇ ಕೊಳ್ಳುವ ಭಾರತದಲ್ಲಿ ಅದನ್ನು ಹಾಗೆಯೇ ತರಲಾಗದು. ಆದರೆ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಂಥ ಯೋಜನೆಗಳು ತೀವ್ರ ನಿಗಾ ಚಿಕಿತ್ಸೆಯ ಪ್ಯಾಕೇಜ್ ದರದಲ್ಲಿ ಕಿಣ್ವ ಪತ್ತೆ ಪರೀಕ್ಷೆಗೆಂದೇ ಪ್ರತ್ಯೇಕ ಮೊತ್ತ ನಿಗದಿಪಡಿಸಿ, ಮೀಸಲು ಗುಂಪಿನ ಜೋಡಿಯ ವೆಚ್ಚವನ್ನು ಆ ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿಹಾಕಬಹುದು. ಹಾಗೆ ಮಾಡಿದರೆ ಬಡ ರೋಗಿಗೆ ಔಷಧ ಸಿಗುವುದೂ ಬೇಡದವರಿಗೆ ಸಿಗದಿರುವುದೂ ಒಂದೇ ಆದೇಶದಿಂದ ಸಾಧ್ಯ.

ಹಾಗೆ ಮಾಡದಿದ್ದರೆ ಏನಾಗುತ್ತದೆಂದು ಊಹಿಸಲು ಮೆರೋಪೆನೆಮ್ ಸಾಗಿದ ದಾರಿ ಸಾಕು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಎಚ್1 ಪಟ್ಟಿಯಲ್ಲಿ ಅದಿದೆ. ಚೀಟಿ ಬರೆದ ವೈದ್ಯರ ಮತ್ತು ರೋಗಿಯ ಹೆಸರನ್ನು ಔಷಧ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಅಮಾಕ್ಸಿಸಿಲಿನ್ ಆ ಪಟ್ಟಿಯಲ್ಲಿಲ್ಲ, ಹಾಗಾಗಿ 625 ಮಾತ್ರೆಗೆ ಆ ಪುಸ್ತಕವೂ ಇಲ್ಲ. ಪುಸ್ತಕವಿದ್ದ ಮೆರೋಪೆನೆಮ್ ವರ್ಗವೇ ಇಂದು ಮೂರರಲ್ಲಿ ಎರಡು ಕ್ಲೆಬ್ಸಿಯೆಲ್ಲಾ ಮಾದರಿಗಳ ಮುಂದೆ ಕೆಲಸ ಮಾಡುತ್ತಿಲ್ಲ, ಏಕೆಂದರೆ ಆ ಪುಸ್ತಕ ಯಾರು ಕೊಂಡರು ಎಂದು ಕೇಳುತ್ತದೆ, ಯಾವ ಕಿಣ್ವಕ್ಕಾಗಿ ಕೊಂಡರು ಎಂದು ಕೇಳುವುದಿಲ್ಲ. ಸೆಫೆಪೈಮ್-ಜಿಡೆಬ್ಯಾಕ್ಟಮ್‌ನ ಬಳಕೆಗೆ ನಿಯಮ ರೂಪಿಸುವವರು ಈ ಎರಡನೆಯ ಪ್ರಶ್ನೆಯನ್ನು ಮೊದಲ ದಿನದಿಂದಲೇ ಕಡ್ಡಾಯ ಮಾಡಬೇಕು.